ರಂಜಕ ಗೊಬ್ಬರಗಳ ರಸಾಯನ ಮತ್ತು ಮಲೆನಾಡಿನ ಹುಳಿಮಣ್ಣು

ಸಾರಜನಕ, ರಂಜಕ, ಪೊಟ್ಯಾಷ್ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದ್ದರೂ, ಮಣ್ಣನ್ನು ಸೇರಿದ ಮೇಲೆ ರಂಜಕದ ನಡತೆ ಉಳಿದೆರಡರ ನಡತೆಗಿಂತ ತೀರ ಭಿನ್ನವಾದುದು. ನೈಟ್ರೇಟು ನೀರಿನೊಡನೆ ಇಳಿದುಹೋಗುತ್ತದೆ. ಫಾಸ್ಫೇಟಾದರೋ ಬಿದ್ದೆಡೆಯಿಂದ ಕೆಲವೇ ಮಿಲಿಮೀಟರುಗಳಷ್ಟು ಸರಿದು, ಅಲ್ಲಿನ ಖನಿಜಗಳಿಗೆ ಅಂಟಿಕೊಂಡುಬಿಡುತ್ತದೆ. ಆದುದರಿಂದ ರಂಜಕ ಗೊಬ್ಬರದ ಯೋಗ್ಯತೆಯನ್ನು ಅದು ಸೇರಲಿರುವ ಮಣ್ಣಿನ ರಸಾಯನವನ್ನು ನೋಡಿಯೇ ನಿರ್ಣಯಿಸಬೇಕೆಂಬುದು ಈ ಲೇಖನದ ಪ್ರತಿಪಾದನೆ. ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ನೆಲಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಸಸ್ಯದ ಒಣತೂಕದಲ್ಲಿ ರಂಜಕದ ಪಾಲು ಸಾಮಾನ್ಯವಾಗಿ ಶೇಕಡಾ 0.2ರಿಂದ 0.5ರಷ್ಟು ಮಾತ್ರ. ಪ್ರಮಾಣ ಅಲ್ಪವಾದರೂ, ಎಲೆಯು ಹಿಡಿದ ಸೂರ್ಯಶಕ್ತಿಯನ್ನು ಜೀವಕೋಶದ ಕಾರ್ಯಗಳಿಗೆ ಒದಗಿಸುವ ಅಡಿನೋಸಿನ್ ಟ್ರೈಫಾಸ್ಫೇಟ್, ವಂಶಗುಣವನ್ನು ಹೊತ್ತ ನ್ಯೂಕ್ಲಿಯಿಕ್ ಆಮ್ಲಗಳು, ಕೋಶಪೊರೆಯ ಫಾಸ್ಫೋಲಿಪಿಡ್‌ಗಳು ಇವೆಲ್ಲವೂ ರಂಜಕವಿಲ್ಲದೆ ರೂಪುಗೊಳ್ಳಲಾರವು. ಅಭಾವವುಂಟಾದಾಗ ಗಿಡವು ಹಳೆಯ ಎಲೆಗಳಿಂದ ರಂಜಕವನ್ನು ಹಿಂದೆಗೆದು ಎಳೆಯ ಸುಳಿಗೆ ಸಾಗಿಸುವುದರಿಂದ, ಮುಸುಕಿನ ಜೋಳದ ಸಸಿಯಲ್ಲಿ ಬುಡದ ಎಲೆಗಳ ಅಂಚೇ ಮೊದಲು ನೇರಳೆಗೆ ತಿರುಗುತ್ತದೆ. ಬೇರು ಮೊಟಕಾಗಿ ಮಾಗುವ ಕಾಲವೂ ಹಿಂದೆ ಬೀಳುತ್ತದೆ.

ಭೂಮಿಯಲ್ಲಿ ದೊರೆಯುವ ರಂಜಕವು ಬಹುಮಟ್ಟಿಗೆ ಫ್ಲೋರಪಟೈಟ್ ಎಂಬ ಖನಿಜದಲ್ಲಿ ಸುಣ್ಣದೊಡನೆ ಬಿಗಿದುಕೊಂಡಿದ್ದು, ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ರಂಜಕವುಳ್ಳ ಎಲುಬನ್ನು ಗಂಧಕಾಮ್ಲದಿಂದ ಸಂಸ್ಕರಿಸಿ ಕರಗುವಂತೆ ಮಾಡಬಹುದೆಂದು ಜರ್ಮನಿಯ ಲೀಬಿಗ್ 1840ರಲ್ಲಿ ಸೂಚಿಸಿದರು. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದು, ಮರುವರ್ಷವೇ ಡೆಪ್ಟ್‌ಫರ್ಡಿನಲ್ಲಿ ಕಾರ್ಖಾನೆಯನ್ನು ತೆರೆದರು. ಆಮ್ಲವು ಅಪಟೈಟಿನ ಸುಣ್ಣದ ಬಹುಭಾಗವನ್ನು ಕಸಿದುಕೊಂಡು ಜಿಪ್ಸಮ್ ವರ್ಗದ ಕ್ಯಾಲ್ಸಿಯಂ ಸಲ್ಫೇಟಾಗುತ್ತದೆ; ಉಳಿದದ್ದು ನೀರಿನಲ್ಲಿ ಕರಗುವ ಮೊನೊಕ್ಯಾಲ್ಸಿಯಂ ಫಾಸ್ಫೇಟ್. ಈ ಮಿಶ್ರಣವೇ ಸೂಪರ್ ಫಾಸ್ಫೇಟ್. ಅದರ ಚೀಲದ ಮೇಲೆ ಕಾಣುವ ಶೇಕಡಾ 16 ಎಂಬುದು ರಂಜಕದ ಆಕ್ಸೈಡಿನ ಲೆಕ್ಕವಾಗಿದ್ದು, ಶುದ್ಧ ರಂಜಕವಾಗಿ ಎಣಿಸಿದರೆ ಸುಮಾರು 7 ಮಾತ್ರ. ಶೇಕಡಾ 46ರ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಇದಕ್ಕಿಂತ ಸಾಂದ್ರವಾದುದು ನಿಜ. ಆದರೆ ಸೂಪರಿನಲ್ಲಿರುವ ಗಂಧಕವೂ ಸುಣ್ಣವೂ ನೆಲಗಡಲೆಯಂತಹ ಬೆಳೆಗೆ ಅತ್ಯಾವಶ್ಯಕವಾಗಿರುವಾಗ, ಅಂತಹ ಬೆಳೆಗೆ ಸೂಪರನ್ನು ಕೀಳುದರ್ಜೆಯ ಗೊಬ್ಬರವೆಂದು ಕಡೆಗಣಿಸುವುದು ಅವಿವೇಕವೇ ಸರಿ.

ಸೂಪರ್ ಫಾಸ್ಫೇಟಿನ ಒಂದು ಹರಳು ತೇವದ ಮಣ್ಣಿಗೆ ಬಿದ್ದಾಗ ನಡೆಯುವುದೇನೆಂಬುದನ್ನು ಹತ್ತಿರದಿಂದ ನೋಡಬೇಕು. ಹರಳು ಸುತ್ತಲಿನ ತೇವವನ್ನು ಹೀರಿಕೊಂಡು ಒಳಗೊಳಗೇ ಕರಗುತ್ತದೆ; ಹೊರಸೂಸುವ ದ್ರಾವಣದ ರಸಸಾರ 1.5ರ ಸಮೀಪಕ್ಕೆ ಇಳಿದಿರುತ್ತದೆ, ಅರ್ಥಾತ್ ಅದು ತೀಕ್ಷ್ಣವಾದ ಆಮ್ಲ. ಈ ಆಮ್ಲವು ನೆರೆಯ ಕಣಗಳಿಂದ ಕಬ್ಬಿಣ ಮತ್ತು ಅಲ್ಯೂಮಿನಿಯಮನ್ನು ಕರಗಿಸಿ, ಕ್ಷಣಾಂತರದಲ್ಲಿ ಅವುಗಳೊಡನೆಯೇ ಕೂಡಿ ಮತ್ತೆ ಕರಗದ ಫಾಸ್ಫೇಟಾಗಿ ಘನೀಭವಿಸುತ್ತದೆ. ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡುಗಳೇ ಈ ಬಂಧನಕ್ಕೂ ಮುಖ್ಯ ಕಾರಣ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಇದೇ ಕಾರ್ಯವನ್ನು ಸುಣ್ಣವು ಮಾಡುತ್ತದೆ. ಹಾಕಿದ ರಂಜಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲುಪಾಲನ್ನೂ ಮೀರದಿರುವುದಕ್ಕೆ ಇದೇ ಹಿನ್ನೆಲೆ. ಗೊಬ್ಬರವನ್ನು ಹೊಲದ ತುಂಬ ಎರಚದೆ ಬೀಜದ ಸಾಲಿನ ಪಕ್ಕದಲ್ಲಿಯೇ ಇಟ್ಟರೆ ಮಣ್ಣಿನ ಸಂಪರ್ಕ ಕಡಿಮೆಯಾಗಿ ಬೇರಿನ ಸಾಮೀಪ್ಯ ಹೆಚ್ಚುವುದು. ಕೊಟ್ಟಿಗೆ ಗೊಬ್ಬರದ ಸಾವಯವ ಆಮ್ಲಗಳು ಕಬ್ಬಿಣದ ಅಂಟುನೆಲೆಗಳನ್ನು ತಾವೇ ಆಕ್ರಮಿಸಿಕೊಂಡು ರಂಜಕಕ್ಕೆ ಬಿಡುವು ಕೊಡುವುವು.

ಭತ್ತದ ಗದ್ದೆಯ ಸಂಗತಿ ಬೇರೆ. ನೀರು ನಿಂತು ವಾಯು ಸಂಚಾರ ನಿಂತಾಗ ಫೆರಿಕ್ ಕಬ್ಬಿಣವು ಫೆರಸ್ ರೂಪಕ್ಕೆ ಇಳಿದು, ತಾನು ಬಿಗಿಹಿಡಿದ ಫಾಸ್ಫೇಟನ್ನು ಸಡಿಲಿಸುತ್ತದೆ. ಪಕ್ಕದ ದಿಬ್ಬದ ಬೆಳೆಯು ರಂಜಕವಿಲ್ಲದೆ ಸೊರಗುವಾಗ, ಅದೇ ಮೂಲದ ಮಣ್ಣಿನ ಗದ್ದೆಯಲ್ಲಿ ಭತ್ತವು ಹುಲುಸಾಗಿ ಬೆಳೆಯಲು ಇದೂ ಒಂದು ಕಾರಣವಾಗಬಲ್ಲುದು.

ಇಲ್ಲಿಂದ ಒಂದು ಮುಖ್ಯ ವಿಚಾರ ಹೊರಡುತ್ತದೆ. ಕಾರ್ಖಾನೆಯು ಗಂಧಕಾಮ್ಲದಿಂದ ಮಾಡುವ ಕೆಲಸವನ್ನು, ರಸಸಾರ 5.5ಕ್ಕಿಂತ ಕೆಳಗಿರುವ ಹುಳಿಮಣ್ಣು ನಿಧಾನವಾಗಿ ತಾನೇ ಮಾಡಬಲ್ಲುದು. ನುಣ್ಣಗೆ ಪುಡಿಮಾಡಿದ ಶಿಲಾರಂಜಕವನ್ನು ಕಾಫಿ, ಅಡಿಕೆಯಂತಹ ಬಹುವಾರ್ಷಿಕ ತೋಟಗಳಿಗೆ ಕೊಟ್ಟಾಗ, ಮಣ್ಣಿನ ಆಮ್ಲ ಅದನ್ನು ಕರಗಿಸುತ್ತದೆ. ಬಿಡುಗಡೆಯಾದ ಸುಣ್ಣವನ್ನು ಭಾರಿ ಮಳೆ ತೊಳೆದೊಯ್ಯುವುದರಿಂದ ಕರಗುವಿಕೆ ತಡೆಯಿಲ್ಲದೆ ಮುಂದುವರಿಯುತ್ತದೆ. ಮೂರು ತಿಂಗಳ ರಾಗಿಗೆ ಈ ನಿಧಾನ ಒಗ್ಗದು. ದಶಕಗಳ ಕಾಲ ಬೇರೂರಿ ನಿಲ್ಲುವ ಗಿಡಕ್ಕೆ ಅದು ಅನುಕೂಲವೇ. ಆದರೆ ಮಣ್ಣಿನ ಹುಳಿಯನ್ನು ತಗ್ಗಿಸಲು ಸುಣ್ಣ ಹಾಕಿದ ಬೆನ್ನಿಗೇ ಶಿಲಾರಂಜಕವನ್ನು ಹಾಕಿದರೆ, ಅದನ್ನು ಕರಗಿಸಬೇಕಾದ ಆಮ್ಲವನ್ನೇ ಸುಣ್ಣವು ನುಂಗಿಬಿಡುತ್ತದೆ. ಆದಕಾರಣ ಶಿಲಾರಂಜಕವನ್ನು ಮೊದಲು ಕೊಟ್ಟು, ಅದು ಕರಗಲು ಒಂದು ಮಳೆಗಾಲದ ಅವಕಾಶವಾದರೂ ಕಳೆದ ಬಳಿಕವೇ ಸುಣ್ಣವನ್ನು ಹಾಕುವುದು ಉಚಿತ.