ಕನೆಕ್ಷನ್ ಸೋರಿಕೆ (ಜಾವಾ)

ಡೇಟಾಬೇಸಿನ ಕನೆಕ್ಷನ್ ಪಡೆದ ಜಾವಾ ಕೋಡು ಕೆಲಸ ಮುಗಿದ ಮೇಲೂ ಅದನ್ನು ಬಿಟ್ಟುಕೊಡದೆ ಇರುವ ದೋಷ. ತಪ್ಪು ಮಾಡಿದ ಕೋಡು ಒಂದು, ಎರರ್ ಕಾಣುವ ಕೋಡು ಇನ್ನೊಂದು ಆಗಿರುವುದರಿಂದ ಇದರ ಮೂಲ ಸುಲಭವಾಗಿ ಸಿಗುವುದಿಲ್ಲ.

ಸ್ವರೂಪ: ಜಾವಾಕ್ಕೂ ಡೇಟಾಬೇಸಿಗೂ ಕೊಂಡಿಯಾದ ಜೆಡಿಬಿಸಿ 1997ರಲ್ಲಿ ಜೆಡಿಕೆ 1.1ರ ಭಾಗವಾಯಿತು. ಪ್ರತಿ ಸಲವೂ ಹೊಸ ಕನೆಕ್ಷನ್ ತೆರೆಯಲು ಸಮಯ ಹಿಡಿಯುವುದರಿಂದ ಕೆಲವನ್ನು ತೆರೆದೇ ಇಟ್ಟು ಸರದಿಯ ಮೇಲೆ ಕೊಡುವ ಪೂಲ್ ಬಳಕೆಗೆ ಬಂತು. ಇದು ಕೊಟ್ಟೂರು, ಹರಪನಹಳ್ಳಿಯಂಥ ಊರಿನ ಬಾಡಿಗೆ ಸೈಕಲ್ ಅಂಗಡಿ ಇದ್ದಂತೆ: ಒಯ್ದವರು ತಂದು ನಿಲ್ಲಿಸದಿದ್ದರೆ ಮುಂದೆ ಬಂದವರಿಗೆ ಸೈಕಲ್ಲಿಲ್ಲ. ಹಿಕಾರಿಸಿಪಿ ಎಂಬ ಪೂಲಿನಲ್ಲಿ ಬೇರೆ ಸೂಚನೆ ಕೊಡದಿದ್ದರೆ ಗರಿಷ್ಠ 10 ಕನೆಕ್ಷನ್. 30 ಸೆಕೆಂಡು ಕಾದರೂ ಸಿಗದಿದ್ದರೆ ಎರರ್.

ಕಾರಣ: ಒಂದು ಸಾಲಿನಲ್ಲಿ ಕನೆಕ್ಷನ್ ಪಡೆದು, ಮುಂದಿನದರಲ್ಲಿ ಕ್ವೆರಿ ಓಡಿಸಿ, ಮೂರನೆಯದರಲ್ಲಿ ಅದನ್ನು ಪೂಲಿಗೆ ಹಿಂತಿರುಗಿಸುವ ‘ಕ್ಲೋಸ್’ ಬರೆದಿರುತ್ತಾರೆ. ಕ್ವೆರಿಯಲ್ಲಿ ಎಕ್ಸೆಪ್ಶನ್ ಬಂದರೆ ಮೂರನೆಯ ಸಾಲು ಓಡುವುದೇ ಇಲ್ಲ. ಹೀಗೆ ಹತ್ತು ಸಲ ಆದರೆ ಪೂಲ್ ಬರಿದು. ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ, ದೋಷ ಮಾತ್ರ ಉಳಿದಿರುತ್ತದೆ.

ಪತ್ತೆ: ಮೊದಲು ಥ್ರೆಡ್ ಡಂಪ್ ನೋಡಬೇಕು. ಥ್ರೆಡ್‌ಗಳೆಲ್ಲ ಕ್ವೆರಿಯ ಉತ್ತರಕ್ಕೆ ಕಾಯುತ್ತಿದ್ದರೆ ಕ್ವೆರಿ ನಿಧಾನವಾಗಿದೆ ಎಂದರ್ಥ. ಯಾವ ಥ್ರೆಡ್ಡೂ ಡೇಟಾಬೇಸಿನ ಕೆಲಸದಲ್ಲಿಲ್ಲ, ಆದರೂ ಪೂಲ್ ಖಾಲಿ ಎಂದಾದರೆ ಸೋರಿಕೆಯ ಶಂಕೆ ಬಲವಾಗುತ್ತದೆ. ಆಗ ಹಿಕಾರಿಸಿಪಿಯ ‘ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್’ ಚಾಲೂ ಮಾಡಬೇಕು. ಇದು ತಾನಾಗಿ ಚಾಲೂ ಇರುವುದಿಲ್ಲ. ಕನಿಷ್ಠ ಮಿತಿ 2000 ಮಿಲಿಸೆಕೆಂಡು. ಗೊತ್ತುಪಡಿಸಿದ ಅವಧಿ ಮೀರಿದ ಕನೆಕ್ಷನ್ನನ್ನು ಯಾವ ಸಾಲಿನಲ್ಲಿ ಪಡೆಯಲಾಯಿತೆಂಬ ಸ್ಟಾಕ್ ಟ್ರೇಸನ್ನು ಅದು ಲಾಗಿನಲ್ಲಿ ಬರೆಯುತ್ತದೆ, ಕನೆಕ್ಷನ್ನನ್ನು ಕಿತ್ತುಕೊಳ್ಳುವುದಿಲ್ಲ. ತಡವಾಗಿಯಾದರೂ ಹಿಂತಿರುಗಿದರೆ ಅದನ್ನೂ ದಾಖಲಿಸುವುದರಿಂದ, ನಿಧಾನದ ಕೆಲಸ ಯಾವುದು, ನಿಜವಾದ ಸೋರಿಕೆ ಯಾವುದು ಎಂದು ಬೇರ್ಪಡಿಸಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ‘ಪಿಜಿ_ಸ್ಟಾಟ್_ಆಕ್ಟಿವಿಟಿ’ ಎಂಬ ವ್ಯೂ ಪ್ರತಿ ಕನೆಕ್ಷನ್ ಕೊನೆಗೆ ಓಡಿಸಿದ ಕ್ವೆರಿಯನ್ನು ತೋರಿಸುತ್ತದೆ. ಬಹಳ ಹೊತ್ತಿನಿಂದ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸ್ಥಿತಿಯಲ್ಲಿರುವ ಸಾಲು ಒಳ್ಳೆಯ ಸುಳಿವು.

ಪರಿಹಾರ: 2011ರ ಜಾವಾ 7ರಲ್ಲಿ ಬಂದ ‘ಟ್ರೈ-ವಿತ್-ರಿಸೋರ್ಸಸ್’ ರಚನೆಯೊಳಗೆ ಪಡೆದ ಕನೆಕ್ಷನ್, ಎಕ್ಸೆಪ್ಶನ್ ಬಂದರೂ ತಾನಾಗಿ ಹಿಂತಿರುಗುತ್ತದೆ. ಪೂಲಿನ ಗಾತ್ರ ಹೆಚ್ಚಿಸುವುದು ಪರಿಹಾರವಲ್ಲ, ಕುಸಿತವನ್ನು ಮುಂದೂಡುವುದಷ್ಟೆ. ಪೋಸ್ಟ್‌ಗ್ರೆಸ್ ಕೂಡ ಸಾಮಾನ್ಯವಾಗಿ 100 ಕನೆಕ್ಷನ್‌ಗಳ ಮಿತಿಯೊಂದಿಗೇ ಬರುತ್ತದೆ. ಪರೀಕ್ಷೆಯ ಹಂತದಲ್ಲಿ ಗಾತ್ರವನ್ನು ಎರಡು ಮೂರಕ್ಕೆ ಇಳಿಸುವುದೇ ಜಾಣತನ. ವಾರಗಟ್ಟಲೆ ಅಡಗಿರಬಹುದಾದ ಸೋರಿಕೆ ಆಗ ಕೆಲವೇ ನಿಮಿಷಗಳಲ್ಲಿ ಬಯಲಾಗುತ್ತದೆ.