ಯೇಸುವಿನ ಬಿರುದುಗಳು ಕನ್ನಡಕ್ಕೆ ಬಂದ ಬಗೆ

ಯಾವುದೇ ಧರ್ಮದ ಅಂತರಂಗವನ್ನು ಅರಿಯಬೇಕಾದರೆ ಅದು ತನ್ನ ಆರಾಧ್ಯನನ್ನು ಯಾವ ಯಾವ ನಾಮಗಳಿಂದ ಸಂಬೋಧಿಸುತ್ತದೆಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಹೆಸರು ಗುರುತಿಗಾಗಿ ಇರುವಂಥದು; ಬಿರುದಾದರೋ ನಂಬಿಕೆಯ ಸಾರವನ್ನೇ ಹಿಡಿದಿಡುವಂಥದು. ಬಸವಣ್ಣನವರನ್ನು ‘ಭಕ್ತಿಭಂಡಾರಿ’ ಎಂದೂ ಅಲ್ಲಮರನ್ನು ‘ಪ್ರಭು’ ಎಂದೂ ಚೆನ್ನಬಸವಣ್ಣನವರನ್ನು ‘ಷಟ್‌ಸ್ಥಲಚಕ್ರವರ್ತಿ’ ಎಂದೂ ಕರೆಯುವಲ್ಲಿ ಒಂದೊಂದು ಪದದ ಹಿಂದೆಯೂ ಒಂದು ಸಿದ್ಧಾಂತವಿದೆ, ಒಂದು ಇತಿಹಾಸವಿದೆ. ಆ ಹಿನ್ನೆಲೆಯನ್ನು ಅರಿಯದವನಿಗೆ ಅವು ಬರಿಯ ಹೊಗಳಿಕೆಯಾಗಿ ಕೇಳಿಸುತ್ತವೆ. ಕ್ರೈಸ್ತರು ಯೇಸುವಿಗೆ ಸಲ್ಲಿಸುವ ಬಿರುದುಗಳ ವಿಷಯವೂ ಇಂಥದೇ.

ಬೆಂಗಳೂರಿನ ಪೂರ್ವದಂಚಿನ ವೈಟ್‌ಫೀಲ್ಡ್ ಈ ವಿಚಾರಕ್ಕೆ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರವರು ನೀಡಿದ ಭೂಮಿಯಲ್ಲಿ ಡಿ. ಎಸ್. ವೈಟ್ ಅವರ ನೇತೃತ್ವದ ಆಂಗ್ಲೋ-ಇಂಡಿಯನ್ ಸಂಘವು ತನ್ನ ಜನರಿಗಾಗಿ ಕಟ್ಟಿದ ಊರು ಅದು. ಆಗ ಅಲ್ಲಿನ ಪ್ರಾರ್ಥನೆಯ ಭಾಷೆ ಇಂಗ್ಲಿಷ್. ಪೀಣ್ಯದಲ್ಲಿ ಕೈಗಾರಿಕಾ ವಸಾಹತು ಬೆಳೆದು, 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಬಿದ್ದು, ಮುಂದೆ ವೈಟ್‌ಫೀಲ್ಡಿನಲ್ಲಿಯೇ ಗಣಕೋದ್ಯಮದ ಸೌಧಗಳೆದ್ದ ಮೇಲೆ ಈ ಹೊರವಲಯಕ್ಕೆ ನಾನಾ ಪ್ರಾಂತಗಳ ಜನ ಬಂದು ನೆಲಸಿದರು. ಅವರೊಡನೆ ಅವರ ಪ್ರಾರ್ಥನೆಯ ನುಡಿಗಳೂ ಬಂದವು. ಒಬ್ಬನೇ ಯೇಸುವನ್ನು ತಮಿಳು ಪ್ರಾಟೆಸ್ಟೆಂಟರು ‘ಕರ್ತ್ತರ್’ ಎನ್ನುತ್ತಾರೆ, ತಮಿಳು ಕಥೋಲಿಕರು ‘ಆಂಡವರ್’ ಎನ್ನುತ್ತಾರೆ, ತೆಲುಗರಿಗೆ ಆತ ‘ಪ್ರಭುವು’, ಕೇರಳದ ಸಿರಿಯನ್ ಪರಂಪರೆಯವರಿಗೆ ‘ಮಿಶಿಹಾ’, ಹಿಂದಿಯವರಿಗೆ ‘ಮಸೀಹ’. ಕನ್ನಡ ಸತ್ಯವೇದದ ಓದುಗರಿಗೆ ಆತ ‘ಕರ್ತ’ ಮತ್ತು ‘ಕ್ರಿಸ್ತ’. ಇವೆಲ್ಲ ಒಂದೇ ಅರ್ಥದ ಪದಗಳೆಂದು ಭಾವಿಸುವುದು ತಪ್ಪಾದೀತು. ಕೆಲವು ಭಾಷೆಗಳು ಬಿರುದನ್ನು ಅನುವಾದಿಸಿದವು. ಕೆಲವು ಹಾಗೆಯೇ ಇಟ್ಟುಕೊಂಡವು. ಅನುವಾದಗೊಂಡ ಬಿರುದು ಹೊಸ ಮನೆಯ ಅರ್ಥವನ್ನು ತಾಳಿತು. ಅನುವಾದಗೊಳ್ಳದ ಬಿರುದು ಅರ್ಥವನ್ನೇ ಕಳೆದುಕೊಂಡು ಹೆಸರಾಗಿ ಉಳಿಯಿತು. ಕನ್ನಡದಲ್ಲಿ ಈ ಎರಡೂ ಸಂಭವಿಸಿರುವುದು ಗಮನಾರ್ಹವಾಗಿದೆ.

ಮೊದಲು ‘ಕ್ರಿಸ್ತ’ ಎಂಬುದನ್ನು ನೋಡಬಹುದು. ‘ಯೇಸು’ ಎಂಬುದು ಅಂಕಿತನಾಮ. ‘ಯೆಹೋವನು ರಕ್ಷಿಸುತ್ತಾನೆ’ ಎಂಬರ್ಥದ ಆ ಹೆಸರು ಅಂದಿನ ಯೆಹೂದ್ಯರಲ್ಲಿ ಸಾಮಾನ್ಯವಾಗಿದ್ದಿತು. ‘ಕ್ರಿಸ್ತ’ ಎಂಬುದು ಹೆಸರಲ್ಲ, ಬಿರುದು. ಹೀಬ್ರೂ ಭಾಷೆಯ ‘ಮಾಶೀಯಾಖ್’ ಎಂಬ ಪದಕ್ಕೆ ‘ಎಣ್ಣೆಯಿಂದ ಅಭಿಷೇಕಗೊಂಡವನು’ ಎಂದರ್ಥ. ಅದರ ಗ್ರೀಕ್ ರೂಪಾಂತರವೇ ‘ಕ್ರಿಸ್ತೋಸ್’. ಇಸ್ರಾಯೇಲರಲ್ಲಿ ಅರಸನಿಗೂ ಮಹಾಯಾಜಕನಿಗೂ ತಲೆಯ ಮೇಲೆ ಎಣ್ಣೆಯೆರೆದು ಅಧಿಕಾರ ಕೊಡುವ ಪದ್ಧತಿಯಿದ್ದಿತು. ಸೌಲನನ್ನೂ ದಾವೀದನನ್ನೂ ಪ್ರವಾದಿಯಾದ ಸಮುವೇಲನು ಹೀಗೆ ಅಭಿಷೇಕಿಸಿದನು. ಯೆಹೂದ್ಯರನ್ನು ಸೆರೆಯಿಂದ ಬಿಡಿಸಿದ ಪರ್ಷಿಯದ ದೊರೆ ಕೋರೆಷನನ್ನೂ ಯೆಶಾಯನ ಗ್ರಂಥವು ‘ಅಭಿಷಿಕ್ತ’ನೆಂದೇ ಕರೆದಿದೆ. ರಾಜ್ಯ ನಷ್ಟವಾದ ಮೇಲೆ, ದಾವೀದನ ವಂಶದಲ್ಲಿ ಇನ್ನೊಬ್ಬ ಅಭಿಷಿಕ್ತನು ಹುಟ್ಟಿ ಜನರನ್ನು ಬಿಡುಗಡೆ ಮಾಡುವನೆಂಬ ನಿರೀಕ್ಷೆ ಬಲವಾಯಿತು. ರೋಮಿನ ಆಳ್ವಿಕೆಯಲ್ಲಿ ಈ ಮಾತು ರಾಜದ್ರೋಹದ ಅಂಚಿಗೆ ಬರುತ್ತಿದ್ದಿತು. ಯೇಸುವಿನ ಶಿಲುಬೆಯ ಮೇಲೆ ‘ಯೆಹೂದ್ಯರ ಅರಸ’ ಎಂದು ಮೂರು ಭಾಷೆಗಳಲ್ಲಿ ಬರೆಯಿಸಿದುದರ ಕಾರಣವೂ ಇದೇ. ಅರಸನಾಗಬೇಕಾದವನು ಅಪರಾಧಿಯಂತೆ ಸತ್ತನು. ಆದರೂ ಅಭಿಷಿಕ್ತನು ಆತನೇ ಎಂದು ಶಿಷ್ಯರು ಸಾರಿದರು. ಆ ಬಿರುದಿನಲ್ಲಿದ್ದ ಸಾಹಸವು ಈ ವಿರೋಧಾಭಾಸದಲ್ಲಿಯೇ ಅಡಗಿದೆ.

ಕನ್ನಡದಲ್ಲಿ ‘ಅಭಿಷೇಕ’ವೆಂಬ ಪದ ಸಿದ್ಧವಾಗಿಯೇ ಇದ್ದಿತು. ಲಿಂಗಕ್ಕೆ ಅಭಿಷೇಕವುಂಟು, ಅರಸನಿಗೂ ಮಠಾಧಿಪತಿಗಳಿಗೂ ಪಟ್ಟಾಭಿಷೇಕವುಂಟು. ಕನ್ನಡ ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಈ ಪದವೇ ಬಳಕೆಗೊಂಡಿದೆ. ಹೊಸ ಒಡಂಬಡಿಕೆಗೆ ಬರುವ ಹೊತ್ತಿಗೆ ಮಾತ್ರ ಗ್ರೀಕ್ ಮೂಲದ ‘ಕ್ರಿಸ್ತ’ ಉಳಿಯಿತು. ಪರಿಣಾಮವಾಗಿ, ಮೊದಲ ಭಾಗದ ಅಭಿಷಿಕ್ತನಿಗೂ ಎರಡನೆಯ ಭಾಗದ ಕ್ರಿಸ್ತನಿಗೂ ಇರುವ ನಂಟು ಕನ್ನಡ ಓದುಗನ ಕಣ್ಣಿಗೆ ಬೀಳದೆ ಹೋಯಿತು. ‘ಯೇಸು ಕ್ರಿಸ್ತ’ ಎಂದರೆ ಹೆಸರೂ ಮನೆತನದ ಹೆಸರೂ ಎಂಬಂತೆ ಅನೇಕರು ತಿಳಿಯುವುದಕ್ಕೆ ಇದೇ ಮೂಲವಾಗಿದೆ.

ಬಿರುದಿನ ಅರ್ಥ ತಪ್ಪಿದರೆ ಏನಾಗಬಲ್ಲದೆಂಬುದಕ್ಕೆ ಧಾರವಾಡ ಸೀಮೆಯ ಒಂದು ಘಟನೆ ಸಾಕ್ಷಿಯಾಗಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಹಬ್ಬಿತು. ಅಲ್ಲಿ ಅವರಿಗೆ ಕಾಲಜ್ಞಾನವನ್ನು ನಂಬಿದ್ದ ಜನರ ಪರಿಚಯವಾಯಿತು. ಶರಣಪರಂಪರೆಯೊಡನೆ ಹೆಣೆದುಕೊಂಡ ಕಾಲಜ್ಞಾನ ಸಾಹಿತ್ಯದಲ್ಲಿ ವೀರವಸಂತರಾಯನೆಂಬ ಅರಸನು ಮುಂದೆ ಬಂದು ಧರ್ಮವನ್ನು ಮರಳಿ ನಿಲ್ಲಿಸುವನೆಂಬ ನಿರೀಕ್ಷೆಯಿದೆ. ಬರಲಿರುವ ಉದ್ಧಾರಕನ ಮಾತನ್ನು ಮಿಶನರಿಗಳ ಬಾಯಲ್ಲಿ ಕೇಳಿದ ಕಾಲಜ್ಞಾನಿಗಳಿಗೆ ತಮ್ಮ ನಿರೀಕ್ಷೆ ನೆನಪಾಯಿತು. ಕಾಲಜ್ಞಾನಿಗಳ ಮಾತನ್ನು ಕೇಳಿದ ಮಿಶನರಿಗಳಿಗೆ ಬಹುಜನರ ಮತಾಂತರ ಸಮೀಪಿಸಿತೆಂಬ ಭರವಸೆ ಮೂಡಿತು. 1841ರಲ್ಲಿ ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ಅಂಥವರಿಗಾಗಿ ಒಂದು ನೆಲೆಯೂ ಏರ್ಪಟ್ಟಿತು. ನಿರೀಕ್ಷಿಸಿದಂತೆ ಜನ ಬರಲಿಲ್ಲ. ಆ ಆಸೆ ಕೈಗೂಡಲಿಲ್ಲ. ಉಭಯರೂ ‘ಬರುವವನು’ ಎಂಬ ಒಂದೇ ಮಾತನ್ನಾಡಿದರು. ಬರುವವನು ಯಾರೆಂಬಲ್ಲಿ ಮಾತ್ರ ಉಭಯರ ಮನಸ್ಸೂ ಬೇರೆ ಬೇರೆಯಾಗಿದ್ದಿತು. ಒಬ್ಬರಿಗೆ ಆತ ಕಲ್ಯಾಣದ ವೈಭವವನ್ನು ಮರಳಿ ತರಬೇಕಾದ ಅರಸ. ಇನ್ನೊಬ್ಬರಿಗೆ ಆಗಲೇ ಬಂದು ಶಿಲುಬೆಯ ಮೇಲೆ ಸತ್ತು ಎದ್ದ ಅಭಿಷಿಕ್ತ. ಮೇಲ್ನೋಟದ ಹೋಲಿಕೆಯನ್ನು ನಂಬಿ ಧರ್ಮಗಳನ್ನು ತೂಗುವವರಿಗೆ ಮಲಸಮುದ್ರ ಇಂದಿಗೂ ಒಂದು ಎಚ್ಚರಿಕೆಯಾಗಿದೆ.

ಎರಡನೆಯದು ‘ಕರ್ತ’ ಎಂಬ ಬಿರುದು. ಯೆಹೂದ್ಯರು ದೇವರ ನಾಮವನ್ನು ಉಚ್ಚರಿಸಬಾರದೆಂಬ ಭಯಭಕ್ತಿಯಿಂದ ಅದರ ಸ್ಥಾನದಲ್ಲಿ ‘ಒಡೆಯ’ ಎಂಬರ್ಥದ ಪದವನ್ನು ಓದುತ್ತಿದ್ದರು. ಅವರ ಶಾಸ್ತ್ರವು ಗ್ರೀಕಿಗೆ ಅನುವಾದಗೊಂಡಾಗ ಅಲ್ಲಿ ‘ಕೀರಿಯೋಸ್’ ಎಂಬ ಪದ ಬಂದಿತು. ಅದೇ ಪದವನ್ನು ರೋಮಿನ ಚಕ್ರವರ್ತಿಗೂ ಸಲ್ಲಿಸುತ್ತಿದ್ದರು. ಮನೆಯ ಯಜಮಾನನಿಗೂ ಸಲ್ಲಿಸುತ್ತಿದ್ದರು. ಆದುದರಿಂದ ಯೇಸುವನ್ನು ‘ಕೀರಿಯೋಸ್’ ಎಂದು ಕರೆದವನು ಒಂದೇ ಉಸಿರಿನಲ್ಲಿ ಎರಡು ಮಾತನ್ನಾಡಿದಂತಾಯಿತು: ಈತನಲ್ಲಿ ದೇವರ ಮಹಿಮೆಯುಂಟೆಂಬುದು ಒಂದು, ಪರಮ ಒಡೆತನ ಚಕ್ರವರ್ತಿಯದಲ್ಲವೆಂಬುದು ಇನ್ನೊಂದು.

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ತೊಡಗಿದರು. ವಿಲಿಯಂ ರೀವ್ ಅವರಿಗೆ ಜೊತೆಯಾದರು. ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಹೊರಬಂದವು. ಮುಂದೆ ಬಾಸೆಲ್ ಮಿಶನ್ನಿನ ವೈಗಲ್ ಮೊದಲಾದವರು ಆ ಅನುವಾದವನ್ನು ತಿದ್ದುವ ಕಾರ್ಯದಲ್ಲಿ ತೊಡಗಿದರು. ಈ ಪರಂಪರೆಯ ಸತ್ಯವೇದದಲ್ಲಿ ‘ಕರ್ತ’ ನೆಲೆನಿಂತಿತು. ಕಥೋಲಿಕರ ಬಳಕೆಯಲ್ಲಿ ‘ಪ್ರಭು’ ಮತ್ತು ‘ಸ್ವಾಮಿ’ ಎಂಬವು ಪ್ರಚುರವಾದವು. ವೀರಶೈವ ಓದುಗನಿಗೆ ಇವುಗಳಲ್ಲಿ ಒಂದೂ ಅಪರಿಚಿತವಲ್ಲ. ಮಠವನ್ನು ಸ್ಥಾಪಿಸಿದ ಗುರುವಿನ ಸಮಾಧಿಯನ್ನು ‘ಕರ್ತೃ ಗದ್ದುಗೆ’ ಎನ್ನುವುದುಂಟು. ‘ಪ್ರಭು’ ಎಂದೊಡನೆ ಶೂನ್ಯಸಿಂಹಾಸನದ ಅಲ್ಲಮರು ನೆನಪಾಗುತ್ತಾರೆ. ‘ಒಡೆಯ’ನೆಂಬ ಅಚ್ಚಗನ್ನಡ ಪದವಾದರೋ ಮೈಸೂರಿನ ದೊರೆಗೂ ಸಂದಿತು, ಮನೆಗೆ ಬಂದ ಜಂಗಮನಿಗೂ ಸಂದಿತು. ಅರಸನಿಗೂ ಭಿಕ್ಷೆಗೆ ಬಂದ ಜಂಗಮನಿಗೂ ಒಂದೇ ಬಿರುದನ್ನಿತ್ತ ಭಾಷೆಯು ಒಡೆತನವೆಂಬುದನ್ನು ಬರಿಯ ಅಧಿಕಾರವೆಂದು ತಿಳಿದಿರಲಿಲ್ಲ. ಶಿಷ್ಯರ ಕಾಲು ತೊಳೆದವನನ್ನು ‘ಕೀರಿಯೋಸ್’ ಎಂದು ಕರೆದವರ ಭಾವಕ್ಕೆ ಇದು ಹತ್ತಿರವಾಗಿದೆ. ‘ಕರ್ತ’ ಎಂಬುದಕ್ಕೆ ‘ಮಾಡುವವನು’ ಎಂಬ ವ್ಯಾಕರಣದ ಅರ್ಥವೇ ಮುಂದಾಗಿ ಬರುವುದರಿಂದ, ಮೂಲದ ಈ ಕಾವು ಆ ಪದದಲ್ಲಿ ಪೂರ್ಣವಾಗಿ ಇಳಿಯಲಿಲ್ಲವೆಂದೇ ಹೇಳಬೇಕು.

‘ಮನುಷ್ಯಕುಮಾರ’ ಎಂಬ ಬಿರುದು ಇನ್ನೊಂದು ಬಗೆಯ ಸಮಸ್ಯೆಯನ್ನು ಒಡ್ಡುತ್ತದೆ. ಕಥೋಲಿಕರ ಕನ್ನಡದಲ್ಲಿ ಇದು ‘ನರಪುತ್ರ’ ಎಂದಾಗಿದೆ. ಸುವಾರ್ತೆಗಳ ಪ್ರಕಾರ ಯೇಸು ತನ್ನನ್ನು ಕುರಿತು ತಾನೇ ಬಹುವಾಗಿ ಬಳಸಿದ ಮಾತು ಇದು. ಸೆಮಿಟಿಕ್ ಭಾಷೆಗಳಲ್ಲಿ ‘ಮನುಷ್ಯನ ಮಗ’ ಎಂದರೆ ಮೊದಲಿಗೆ ‘ಮನುಷ್ಯ’ ಎಂದಷ್ಟೇ ಅರ್ಥ. ಯೆಹೆಜ್ಕೇಲನ ಗ್ರಂಥದಲ್ಲಿ ದೇವರು ಪ್ರವಾದಿಯನ್ನು ಹೀಗೆಯೇ ಕರೆಯುತ್ತಾನೆ. ದಾನಿಯೇಲನ ಗ್ರಂಥದ ದರ್ಶನದಲ್ಲಾದರೋ ಮೃಗರೂಪದ ಸಾಮ್ರಾಜ್ಯಗಳು ಅಳಿದ ಮೇಲೆ ಮೇಘಗಳೊಡನೆ ಬಂದು ಶಾಶ್ವತ ರಾಜ್ಯವನ್ನು ಪಡೆಯುವವನು ಮನುಷ್ಯಕುಮಾರನಂತೆ ಇರುತ್ತಾನೆ. ದೀನತೆಯೂ ಮಹಿಮೆಯೂ ಒಂದೇ ಮಾತಿನಲ್ಲಿ ಹೀಗೆ ಬೆರೆತಿವೆ. ‘ದೇವಕುಮಾರ’ನೆಂದರೆ ದೊಡ್ಡದು, ‘ಮನುಷ್ಯಕುಮಾರ’ನೆಂದರೆ ಚಿಕ್ಕದು ಎಂದು ಕನ್ನಡ ಓದುಗನು ಸಹಜವಾಗಿ ಎಣಿಸುತ್ತಾನೆ. ವಸ್ತುತಃ ಇಸ್ರಾಯೇಲಿನ ಅರಸನಿಗೂ ‘ದೇವರ ಮಗ’ನೆಂಬ ಮಾತು ಸಲ್ಲುತ್ತಿದ್ದಿತು, ದಾನಿಯೇಲನ ದರ್ಶನದ ಬಿರುದು ಅದಕ್ಕಿಂತ ಕಿರಿದಾದುದೇನೂ ಅಲ್ಲ.

ಕನ್ನಡ ನೆಲದಲ್ಲಿ ಅತಿ ಹೆಚ್ಚು ಎಡವಿಸುವ ಬಿರುದೆಂದರೆ ‘ಯಜ್ಞದ ಕುರಿ’. ಗ್ರೀಕ್ ಮೂಲದಲ್ಲಿರುವುದು ‘ದೇವರ ಕುರಿಮರಿ’ ಎಂಬಷ್ಟೇ ಮಾತು. ಅನುವಾದಕರು ಅರ್ಥ ಸ್ಪಷ್ಟವಾಗಲೆಂದು ‘ಯಜ್ಞ’ವೆಂಬ ಪದವನ್ನು ಸೇರಿಸಿದರು. ಹಾಗೆ ಸೇರಿಸಿದ ಪದವು ಬರಿಗೈಯಲ್ಲಿ ಬರಲಿಲ್ಲ; ವೈದಿಕ ಕರ್ಮಕಾಂಡದ ಸಮಸ್ತ ಸಂಸ್ಕಾರವನ್ನೂ ಹೊತ್ತು ತಂದಿತು. ಶರಣರು ನಿರಾಕರಿಸಿದುದು ಅದನ್ನೇ. ವೇದೋಕ್ತವೆಂಬ ಕಾರಣಕ್ಕೆ ಕೊಲೆಗೀಡಾಗುವ ಹೋತನ್ನು ಕುರಿತು ಬಸವಣ್ಣನವರು ಹೇಳಿದ ವಚನವನ್ನೂ, ಹಬ್ಬದ ಹರಕೆಗೆ ತಂದ ಕುರಿಯ ಅರಿಯದ ಸ್ಥಿತಿಯನ್ನು ಕುರಿತ ವಚನವನ್ನೂ ಬಲ್ಲವನ ಕಿವಿಗೆ, ದೇವರಿಗೆ ಅರ್ಪಿತವಾದ ‘ಯಜ್ಞದ ಕುರಿ’ಯೆಂಬುದು ಸ್ತುತಿಯಾಗಿ ಕೇಳಿಸುವುದಾದರೂ ಹೇಗೆ? ಫರ್ಡಿನಂಡ್ ಕಿಟ್ಟೆಲ್ ಅವರು 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಕೃತಿಯನ್ನೇ ಈ ವಿಷಯಕ್ಕಾಗಿ ಮೀಸಲಿಟ್ಟುದನ್ನು ನೋಡಿದರೆ, ಯಜ್ಞವಿಚಾರದ ಚರ್ಚೆ ಅನಿವಾರ್ಯವೆಂದು ಅಂದಿನವರಿಗೂ ಅನಿಸಿತ್ತೆಂದು ತಿಳಿಯಬಹುದು.

ಆದರೆ ಬಿರುದಿನ ಮೂಲಾರ್ಥವನ್ನು ಅರಸಿದರೆ ಚಿತ್ರ ಬೇರೆಯಾಗುತ್ತದೆ. ಐಗುಪ್ತದ ದಾಸ್ಯದಿಂದ ಹೊರಟ ರಾತ್ರಿ ಇಸ್ರಾಯೇಲರು ಬಾಗಿಲ ನಿಲುವುಗಳಿಗೆ ಹಚ್ಚಿದ ಕುರಿಮರಿಯ ರಕ್ತವು ಅವರಿಗೆ ಬಿಡುಗಡೆಯ ಗುರುತು. ಯೆಶಾಯನ ಗ್ರಂಥದ ನೊಂದ ಸೇವಕನು, ಕೊಲೆಗೆ ಒಯ್ದರೂ ಬಾಯಿ ತೆರೆಯದ ಕುರಿಯಂತೆ ಪರರ ಪಾಪವನ್ನು ಹೊರುತ್ತಾನೆ. ಕ್ರೈಸ್ತರು ಇವೆರಡನ್ನೂ ಯೇಸುವಿನಲ್ಲಿ ಕಂಡರು. ಇಬ್ರಿಯರಿಗೆ ಬರೆದ ಪತ್ರಿಕೆಯು ಮುಂದುವರಿದು, ಒಮ್ಮೆ ಸಂದ ಈ ಅರ್ಪಣೆಯ ಮೇಲೆ ಇನ್ನು ಪ್ರಾಣಿಬಲಿಯ ಅಗತ್ಯವೇ ಇಲ್ಲವೆಂದು ಸಾಧಿಸುತ್ತದೆ. ಎಂದರೆ ಈ ಬಿರುದು ಬಲಿಯನ್ನು ಎತ್ತಿಹಿಡಿಯುವುದಲ್ಲ, ಕೊನೆಗಾಣಿಸುವುದು. ಯೆಶಾಯನ ಕುರಿ ಮೌನವಾಗಿದೆ. ಬಸವಣ್ಣನವರಾದರೋ ಹೋತಿಗೆ ವೇದವನ್ನೋದಿದವರ ಮುಂದೆ ಅಳು ಎಂದರು. ಒಂದೆಡೆ ಮೌನ, ಇನ್ನೊಂದೆಡೆ ಅಳಲು. ಒಂದೆಡೆ ಬಲಿಯ ಪೂರೈಕೆ, ಇನ್ನೊಂದೆಡೆ ಬಲಿಯ ನಿರಾಕರಣೆ. ದಾರಿಗಳು ಒಂದೇ ಅಲ್ಲ. ಅವನ್ನು ಒಂದೆಂದು ಸಾರುವುದು ಎರಡಕ್ಕೂ ಅನ್ಯಾಯ. ಆದರೂ ಬಲಿಪೀಠದ ಮೇಲಿನ ನೆತ್ತರು ನಿಲ್ಲಬೇಕೆಂಬಲ್ಲಿ ಎರಡೂ ದಾರಿಗಳು ಬಂದು ಸೇರುತ್ತವೆ. ‘ಯಜ್ಞದ ಕುರಿ’ ಎಂಬ ಅನುವಾದ ಮರೆಮಾಡಿದುದು ಈ ಸಾಮೀಪ್ಯವನ್ನೇ.

ಇಂಥ ಮರೆಗಳನ್ನು ಸರಿಸಲು ಎರಡೂ ಮನೆಗಳ ಒಳಗನ್ನು ಬಲ್ಲವರು ಬೇಕು. ಹರ್ಮನ್ ಮೋಗ್ಲಿಂಗ್ ಅವರು 1848ರಿಂದ 1853ರವರೆಗೆ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳಿಗೂ ಎಡೆಯಿತ್ತುದು ಒಂದು ಮೊದಲ ಹೆಜ್ಜೆ. ಆ ಕಾರ್ಯವನ್ನು ಭಕ್ತಿಯಿಂದ ಪೂರ್ಣಗೊಳಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962). ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಹೊರತಂದರು. ಅನುಭವಮಂಟಪದ ಐತಿಹಾಸಿಕತೆಯನ್ನು ಸಂದೇಹಿಸಿದವರಿಗೆ ಸಮಾಧಾನ ಹೇಳಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಮ್ಮ ಕ್ರಿಸ್ತನನ್ನು ಬಿಡದೆಯೇ ಅವರು ಶರಣರ ಮಾತನ್ನು ಶರಣರ ಅರ್ಥದಲ್ಲಿ ಓದಿದರು. ಆ ಸೌಜನ್ಯಕ್ಕೆ ತಕ್ಕ ಮರುಸೌಜನ್ಯವೆಂದರೆ ಕ್ರೈಸ್ತರ ಮಾತನ್ನು ಕ್ರೈಸ್ತರ ಅರ್ಥದಲ್ಲಿ ಓದುವುದು.

ವೈಟ್‌ಫೀಲ್ಡಿನಲ್ಲಿ 1963ರಲ್ಲಿ ಸ್ಥಾಪಿತವಾದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ನಾನಾ ಸಭೆಗಳವರು ಒಂದೆಡೆ ಕೂಡಿ ವಿಚಾರಿಸಲೆಂದು ಹುಟ್ಟಿದುದು. ಆ ಊರಿನ ಸುತ್ತ ಇಂದು ಐದಾರು ಭಾಷೆಗಳ ಪ್ರಾರ್ಥನೆ ಕೇಳಿಬರುತ್ತದೆ. ಕಾರ್ಖಾನೆಯ ಯಂತ್ರದ ಮುಂದೆ, ಕಚೇರಿಯ ಮೇಜಿನ ಬದಿಯಲ್ಲಿ ಲಿಂಗಧಾರಿಯೂ ಶಿಲುಬೆ ಧರಿಸಿದವನೂ ಒಟ್ಟಿಗೆ ದುಡಿಯುತ್ತಾರೆ. ‘ಕುರಿ’ ಎಂಬ ಪದ ಕನ್ನಡದಲ್ಲಿ ಪೆದ್ದನಿಗೂ ಸಲ್ಲುವುದರಿಂದ ನೆರೆಯವನ ದೇವರನ್ನು ಹಾಸ್ಯಮಾಡುವುದು ಸುಲಭ. ‘ಲಿಂಗ’ವೆಂಬ ಪದವನ್ನು ತಪ್ಪಾಗಿ ಅರ್ಥೈಸಿ ಪರದೇಶಿಯರು ಹಾಸ್ಯಮಾಡಿದುದರ ನೋವು ವೀರಶೈವರಿಗೆ ಚೆನ್ನಾಗಿ ಗೊತ್ತಿದೆ. ಇಷ್ಟಲಿಂಗದ ಅರ್ಥವನ್ನು ಅದನ್ನು ಧರಿಸಿದವನಿಂದಲೇ ಕೇಳಿ ತಿಳಿಯಬೇಕೆಂದು ಬಯಸುವ ಸಮಾಜವು, ‘ಕ್ರಿಸ್ತ’ನೆಂಬ ಬಿರುದಿನ ಅರ್ಥವನ್ನೂ ಅದನ್ನು ನುಡಿಯುವವನಿಂದ ಕೇಳಿ ತಿಳಿಯುವುದು ನ್ಯಾಯವಾಗಿದೆ.