ಶರತ್ಕಾಲದ ಶಾಲಾವಧಿ: ಇಂಗ್ಲೆಂಡ್

ಇಂಗ್ಲೆಂಡಿನ ಶಾಲಾ ವರ್ಷದ ಮೂರು ಅವಧಿಗಳಲ್ಲಿ ಮೊದಲನೆಯದು, ಸಾಮಾನ್ಯವಾಗಿ ಎಲ್ಲಕ್ಕಿಂತ ದೀರ್ಘವಾದದ್ದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಶುರುವಾಗಿ ಕ್ರಿಸ್‌ಮಸ್‌ಗೆ ಕೆಲವೇ ದಿನಗಳಿರುವಾಗ ಮುಗಿಯುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಒಂದು ವಾರದ ನಡುರಜೆ ಇರುತ್ತದೆ. ಅವಧಿ ಆರಂಭವಾದಾಗ ಮಕ್ಕಳು ಸಂಜೆ ಬಿಸಿಲಿನಲ್ಲಿ ಆಡಿ ಮನೆಗೆ ಹೋಗುತ್ತಾರೆ. ಡಿಸೆಂಬರ್ ಬಂದಾಗ ಲಂಡನ್ನಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಪಾಠ ಪರೀಕ್ಷೆಗಳು ಎಲ್ಲ ಅವಧಿಗಳಲ್ಲೂ ಇದ್ದೇ ಇವೆ. ಈ ಅವಧಿಗೆ ಪ್ರತ್ಯೇಕ ಕಳೆ ಕೊಟ್ಟದ್ದು ಶಾಲೆಯ ಹೊರಗಿನಿಂದ ಬಂದ ಸಂಗತಿಗಳು: ಸುಗ್ಗಿ, ಇಗರ್ಜಿ, ಯುದ್ಧ, ವಲಸೆ ಬಂದವರ ಹಬ್ಬ. ಶಾಲೆ ಅವುಗಳೊಡನೆ ಕೆಲವೊಮ್ಮೆ ಜಗಳವಾಡಿತು, ಹೆಚ್ಚು ಸಲ ರಾಜಿಯಾಯಿತು.

ಹಳೆಯ ಶಾಲೆಗಳು

ಸೆಪ್ಟೆಂಬರ್ 29 ದೇವದೂತ ಮೈಕೇಲನ ಹಬ್ಬ. ಗೇಣಿ ಸಲ್ಲಿಸಲು, ಲೆಕ್ಕ ಚುಕ್ತಾ ಮಾಡಲು, ಆಳುಗಳನ್ನು ಗೊತ್ತುಮಾಡಿಕೊಳ್ಳಲು ಇಂಗ್ಲೆಂಡಿನ ಹಳ್ಳಿಗಳು ಶತಮಾನಗಳ ಕಾಲ ಈ ದಿನವನ್ನೇ ಕಾಯುತ್ತಿದ್ದವು. ನ್ಯಾಯಾಲಯಗಳೂ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳೂ ತಮ್ಮ ಶರತ್ಕಾಲದ ಅವಧಿಯನ್ನು ಇಂದಿಗೂ ಮಿಕೆಲ್‌ಮಸ್ ಅವಧಿ ಎಂದೇ ಕರೆಯುತ್ತವೆ. ಹಳೆಯ ಖಾಸಗಿ ಶಾಲೆಗಳು ಹಲವು ಆ ಹೆಸರನ್ನು ಉಳಿಸಿಕೊಂಡಿವೆ. ಸರ್ಕಾರಿ ಶಾಲೆಗಳಲ್ಲಿ ಅದು ಬರಿಯ ಶರತ್ಕಾಲದ ಅವಧಿ.

ಆರನೆಯ ಹೆನ್ರಿ 1440ರಲ್ಲಿ ಸ್ಥಾಪಿಸಿದ ಈಟನ್ ಶಾಲೆಯ ವಾರ್ಷಿಕ ಆಚರಣೆಗಳನ್ನು 1560ರ ಸುಮಾರಿಗೆ ಅಲ್ಲಿಯ ಮುಖ್ಯೋಪಾಧ್ಯಾಯ ವಿಲಿಯಂ ಮಾಲಿಮ್ ಲ್ಯಾಟಿನ್‌ನಲ್ಲಿ ಬರೆದಿಟ್ಟ. ಸೆಪ್ಟೆಂಬರಿನ ಒಂದು ದಿನ ಹುಡುಗರಿಗೆ ಕಾಡಿಗೆ ಹೋಗಿ ಹೇಜಲ್ ಕಾಯಿ ಆಯ್ದು ತರಲು ಬಿಡುವು ಸಿಗುತ್ತಿತ್ತು. ತಂದದ್ದರಲ್ಲಿ ಒಂದು ಪಾಲು ಉಪಾಧ್ಯಾಯರಿಗೆ. ಆದರೆ ಹೊರಡುವ ಮುನ್ನ ಪ್ರತಿಯೊಬ್ಬನೂ ಶರತ್ಕಾಲದ ಫಲಸಮೃದ್ಧಿಯನ್ನೂ ಬರಲಿರುವ ಚಳಿಯ ಕ್ರೌರ್ಯವನ್ನೂ ಕುರಿತು ಪದ್ಯ ಕಟ್ಟಬೇಕಿತ್ತು. ಕಾಡು ಸುತ್ತುವ ಆಸೆಗಾಗಿ ಛಂದಸ್ಸು ಕಲಿಯುವುದು ಕೆಟ್ಟ ಶಿಕ್ಷಣಕ್ರಮವೇನಲ್ಲ. ಶರತ್ಕಾಲವನ್ನು ಶಾಲೆಯೇ ಪಾಠವಾಗಿ ಬಳಸಿಕೊಂಡದ್ದಕ್ಕೆ ಸಿಗುವ ಹಳೆಯ ದಾಖಲೆಗಳಲ್ಲಿ ಇದು ಒಂದು.

ಹೊಲದ ಕೆಲಸ ಮತ್ತು ಹಾಜರಿ

ಬಡವರ ಮಕ್ಕಳ ಕಥೆ ಬೇರೆ. 1870ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಊರೂರಿಗೂ ಶಾಲೆ ಒದಗಿಸುವ ಹೊಣೆಯನ್ನು ಹೊರಿಸಿತು. 1880ರ ಕಾಯ್ದೆ 5ರಿಂದ 10 ವರ್ಷದ ಮಕ್ಕಳಿಗೆ ಹಾಜರಿಯನ್ನು ಕಡ್ಡಾಯ ಮಾಡಿತು. ಕಾಯ್ದೆ ಬಂತೆಂದು ಬೆಳೆ ಕಾಯುವುದಿಲ್ಲ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕೂಲಿಕಾರರ ಮನೆಯ ಪ್ರತಿ ಕೈಗೂ ಕೆಲಸವಿತ್ತು, ಪುಟ್ಟ ಕೈಗಳಿಗೂ.

ಸರ್ಕಾರದ ಅನುದಾನ ಪಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರು 1862ರಿಂದ ದಿನಚರಿ ಪುಸ್ತಕ ಇಡಬೇಕಿತ್ತು. ಹಳ್ಳಿಯ ಶಾಲೆಗಳ ಈ ಪುಸ್ತಕಗಳಲ್ಲಿ ಶರತ್ಕಾಲದ ಪುಟ ತೆರೆದರೆ ಮತ್ತೆ ಮತ್ತೆ ಕಾಣುವುದು ಒಂದೇ ದೂರು: ತರಗತಿ ಖಾಲಿ. ಪೂರ್ವ ಇಂಗ್ಲೆಂಡಿನ ಗೋಧಿ ಸೀಮೆಯಲ್ಲಿ ಮಕ್ಕಳು ತಾಯಂದಿರ ಜೊತೆ ಕೊಯ್ಲಾದ ಹೊಲಗಳಲ್ಲಿ ಹಕ್ಕಲಾಯಲು ಹೋಗುತ್ತಿದ್ದರು. ಕೆಲವು ಊರುಗಳಲ್ಲಿ ಇಗರ್ಜಿಯ ಗಂಟೆ ಬಾರಿಸಿದ ಮೇಲೆಯೇ ಹಕ್ಕಲಿಗೆ ಹೊಲ ಹೊಗಬಹುದಿತ್ತು. ಹೀಗೆ ಆಯ್ದ ತೆನೆ ಚಳಿಗಾಲದ ರೊಟ್ಟಿಗೆ ಹಿಟ್ಟಾಗುತ್ತಿತ್ತು. ಆಮೇಲೆ ಆಲೂಗಡ್ಡೆ ಕೀಳುವ ಕಾಲ. ಅದರ ಹಿಂದೆಯೇ ಹಂದಿಗಳ ಮೇವಿಗೆ ಓಕ್ ಮರದ ಕಾಯಿ ಆಯುವ ಕಾಲ.

ಇವೆಲ್ಲಕ್ಕಿಂತ ದೊಡ್ಡ ಎಳೆತ ಕೆಂಟ್ ಪ್ರಾಂತದ ಹಾಪ್ಸ್ ತೋಟಗಳದು. ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಈ ಬಳ್ಳಿಯ ಹೂ ಸೆಪ್ಟೆಂಬರ್ ಹೊತ್ತಿಗೆ ಬಲಿಯುತ್ತದೆ, ಬಲಿತ ಮೇಲೆ ಕೆಲವೇ ವಾರಗಳಲ್ಲಿ ಬಿಡಿಸಿ ಮುಗಿಸಬೇಕು. ಲಂಡನ್ನಿನ ಪೂರ್ವಭಾಗದ ಬಡ ಕುಟುಂಬಗಳು ಪಾತ್ರೆಪಗಡ, ಹಾಸಿಗೆ ಸಮೇತ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದವು. ತೋಟದ ಗುಡಿಸಲುಗಳಲ್ಲಿ ತಂಗಿ, ತಾಯಿ ಮಕ್ಕಳು ಸೇರಿ ಹೂ ಬಿಡಿಸುತ್ತಿದ್ದರು. ಹೊಗೆ ತುಂಬಿದ ನಗರದ ಮಕ್ಕಳಿಗೆ ವರ್ಷದಲ್ಲಿ ಸಿಗುತ್ತಿದ್ದ ಹಳ್ಳಿಯ ಗಾಳಿ ಅದೊಂದೇ. ಅವರಲ್ಲಿ ಹಲವರು ಮುದಿತನದಲ್ಲೂ ಅದನ್ನು ಸುಖದ ದಿನಗಳೆಂದೇ ನೆನೆದರು. ದುಡಿಮೆಯಂತೂ ದುಡಿಮೆಯೇ. ಈ ಮಕ್ಕಳು ಶಾಲೆ ಶುರುವಾಗಿ ವಾರಗಳಾದ ಮೇಲೆ ತರಗತಿಗೆ ಮರಳುತ್ತಿದ್ದರು. ಕೆಂಟ್‌ನ ಹಳ್ಳಿಯ ಶಾಲೆಗಳು ಇದರ ಜೊತೆ ಹೋರಾಡುವುದನ್ನು ಬಿಟ್ಟು ಸುಗ್ಗಿ ರಜೆಯನ್ನೇ ಹಾಪ್ಸ್ ಬಲಿಯುವ ವಾರಕ್ಕೆ ಹೊಂದಿಸಿಕೊಂಡವು. ಬೆಳೆ ತಡವಾದ ವರ್ಷ ಶಾಲೆಯೂ ತಡವಾಗಿ ತೆರೆಯುತ್ತಿತ್ತು.

ಇದರ ಪೆಟ್ಟು ಹೆಚ್ಚು ತಟ್ಟಿದ್ದು ಉಪಾಧ್ಯಾಯರಿಗೆ. 1862ರಿಂದ ಸುಮಾರು ಮೂರೂವರೆ ದಶಕ ಶಾಲೆಯ ಅನುದಾನ ಮಕ್ಕಳ ಹಾಜರಿಯ ಮೇಲೂ ತನಿಖಾಧಿಕಾರಿ ನಡೆಸುವ ಪರೀಕ್ಷೆಯ ಫಲಿತಾಂಶದ ಮೇಲೂ ನಿಂತಿತ್ತು. ಮಕ್ಕಳು ಹೊಲಕ್ಕೆ ಹೋದರೆ ಶಾಲೆಯ ಹಣ ಕಡಿಮೆಯಾಗುತ್ತಿತ್ತು, ಎಷ್ಟೋ ಕಡೆ ಉಪಾಧ್ಯಾಯರ ಸಂಬಳವೂ ತಗ್ಗುತ್ತಿತ್ತು. ಹಸಿದ ಮನೆಯ ತಾಯಿಗೂ ಶಾಲೆಯ ಮೇಷ್ಟರಿಗೂ ಜಗಳ ಹಚ್ಚಿದ ಈ ಏರ್ಪಾಡು ಅನ್ಯಾಯದ್ದು. ಅದರಿಂದ ಆ ಮಕ್ಕಳ ಓದು ಬೆಳೆಯಲಿಲ್ಲ. ಗಡಿಯಾಚೆ ಸ್ಕಾಟ್ಲೆಂಡಿನಲ್ಲಿ ಶಾಲೆ ಆಗಸ್ಟ್‌ನಲ್ಲೇ ತೆರೆಯುತ್ತದೆ. ಅಲ್ಲಿ ಅಕ್ಟೋಬರ್ ರಜೆಯನ್ನು ಜನ ಈಗಲೂ ಆಲೂಗಡ್ಡೆ ರಜೆ ಎನ್ನುತ್ತಾರೆ. ಮಕ್ಕಳನ್ನು ಗೆಡ್ಡೆ ಕೀಳಲು ಬಿಡುತ್ತಿದ್ದ ದಿನಗಳ ಗುರುತು ಅದು.

ಸುಗ್ಗಿಯನ್ನು ಶಾಲೆಯೊಳಕ್ಕೆ ಗೌರವವಾಗಿ ಕರೆತಂದದ್ದು ಇಗರ್ಜಿ. ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಎಂಬ ಕಡಲತಡಿಯ ಹಳ್ಳಿಯ ಪಾದ್ರಿ, ಕವಿ ರಾಬರ್ಟ್ ಸ್ಟೀಫನ್ ಹಾಕರ್ 1843ರ ಅಕ್ಟೋಬರ್ 1ರಂದು ಹೊಸ ಬೆಳೆಗಾಗಿ ವಿಶೇಷ ಕೃತಜ್ಞತಾ ಪೂಜೆ ನಡೆಸಿದ. ಇಂದಿನ ಸುಗ್ಗಿ ಹಬ್ಬದ ಮೂಲ ಅದೆಂದು ಹೇಳುವುದು ರೂಢಿ. ಕೆಲವು ದಶಕಗಳಲ್ಲೇ ಆಚರಣೆ ದೇಶವಿಡೀ ಹಬ್ಬಿ ಶಾಲೆಗಳಿಗೂ ಬಂತು. ಮೊದಲು ಮಕ್ಕಳು ತೋಟದ ಸೇಬು, ಕುಂಬಳಕಾಯಿ, ರೊಟ್ಟಿ ತಂದು ಸಾಲಾಗಿ ಇಡುತ್ತಿದ್ದರು. ನಗರ ಬೆಳೆದಂತೆ ಡಬ್ಬಿಯಲ್ಲಿ ಮುಚ್ಚಿದ ಬೇಳೆ, ಸೂಪುಗಳು ಬಂದವು. ಈಚೆಗೆ ಅವು ಊರಿನ ಬಡವರಿಗೆ ಆಹಾರ ಹಂಚುವ ಕೇಂದ್ರಗಳನ್ನು ಸೇರುತ್ತವೆ.

ಆಟ

ಬೇಸಿಗೆ ಕ್ರಿಕೆಟ್‌ನದಾದರೆ ಶರತ್ಕಾಲ ಫುಟ್‌ಬಾಲಿನದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ರತಿ ಖಾಸಗಿ ಶಾಲೆಗೂ ತನ್ನದೇ ಆಟ, ತನ್ನದೇ ನಿಯಮ. ರಗ್ಬಿ ಶಾಲೆಯ ಹುಡುಗರು 1845ರಲ್ಲಿ ತಮ್ಮ ನಿಯಮಗಳನ್ನು ಬರಹಕ್ಕೆ ಇಳಿಸಿದರು. 1863ರ ಅಕ್ಟೋಬರ್ 26ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಈಟನ್‌ನಲ್ಲಿ ಗೋಡೆಗೆ ಒತ್ತಿಕೊಂಡು ಆಡುವ ವಿಚಿತ್ರ ಆಟದ ಮುಖ್ಯ ಪಂದ್ಯ ಇಂದಿಗೂ ಸಂತ ಆಂಡ್ರೂ ದಿನದ ಹೊತ್ತಿಗೆ, ಅಂದರೆ ನವೆಂಬರ್ ಕೊನೆಗೆ, ನಡೆಯುತ್ತದೆ.

ಇಲ್ಲಿ ಕರ್ನಾಟಕದ ಎಳೆಯೊಂದು ಸೇರಿಕೊಂಡಿದೆ. ರಗ್ಬಿಯಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ 1852ರಲ್ಲಿ ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥನಾದ. ಸಾಲದಲ್ಲಿ ಮುಳುಗಿ, ಹುಡುಗರ ದಂಗೆಯಿಂದ ಕಂಗೆಟ್ಟಿದ್ದ ಶಾಲೆ ಅದು. ಹುಡುಗರು ಮಧ್ಯಾಹ್ನದ ಹೊತ್ತು ಊರ ಸುತ್ತ ಅಲೆಯುತ್ತ ಬೇಟೆ, ಕಳ್ಳತನಕ್ಕೆ ಇಳಿಯುವುದನ್ನು ತಪ್ಪಿಸಲು ಕಾಟನ್ ವ್ಯವಸ್ಥಿತ ಆಟಗಳನ್ನು ದಿನಚರಿಯ ಭಾಗ ಮಾಡಿದ. ಶಾಲೆಯಲ್ಲಿ ಆಟ ಎಂಬುದು ಶಿಸ್ತಿನ ಸಾಧನವಾದ ಬಗೆಯಲ್ಲಿ ಇದು ಮುಖ್ಯ ಘಟ್ಟ. ಮುಂದೆ ಆತ ಕಲ್ಕತ್ತದ ಬಿಷಪ್ ಆಗಿ ಭಾರತಕ್ಕೆ ಬಂದ. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಗೆ ಆತನದೇ ಹೆಸರು. ಮರು ವರ್ಷ ಅಕ್ಟೋಬರ್‌ನಲ್ಲಿ ಬಂಗಾಳದ ಕುಷ್ಟಿಯಾದಲ್ಲಿ ದೋಣಿ ಹತ್ತುವಾಗ ಕಾಲು ಜಾರಿ ನದಿಗೆ ಬಿದ್ದು ಆತ ತೀರಿಕೊಂಡ.

ಬಡವರ ಶಾಲೆಗಳಲ್ಲಿ ಮೈದಾನವೂ ಇರಲಿಲ್ಲ, ಆಟಕ್ಕೆ ಸಮಯವೂ ಇರಲಿಲ್ಲ. ಇದ್ದದ್ದು ಅಂಗಳದ ಕವಾಯತು. ಉಪಾಧ್ಯಾಯರು ತಮ್ಮ ಬಿಡುವಿನಲ್ಲಿ ತಂಡ ಕಟ್ಟಿ 1885ರಲ್ಲಿ ದಕ್ಷಿಣ ಲಂಡನ್ ಶಾಲೆಗಳ ಫುಟ್‌ಬಾಲ್ ಸಂಘವನ್ನೂ 1904ರಲ್ಲಿ ದೇಶಮಟ್ಟದ ಸಂಘವನ್ನೂ ಸ್ಥಾಪಿಸಿದರು. 1906ರಲ್ಲಿ ಶಾಲೆಯ ವೇಳೆಯಲ್ಲೇ ಆಟ ಆಡಿಸಲು ಸರ್ಕಾರ ಒಪ್ಪಿತು. ಹುಡುಗಿಯರ ಶಾಲೆಗಳ ಪಾಲಿಗೆ ಹಾಕಿ, ನೆಟ್‌ಬಾಲ್ ಬಂದವು.

ಯಾರೂ ಕಲಿಸದೆ ಉಳಿದುಬಂದ ಆಟ ಕಾಂಕರ್ಸ್. ಹಾರ್ಸ್ ಚೆಸ್ಟ್‌ನಟ್ ಮರದ ಮಿರುಗುವ ಕಂದು ಬೀಜಕ್ಕೆ ತೂತು ಕೊರೆದು ದಾರಕ್ಕೆ ಪೋಣಿಸಿ, ಒಬ್ಬ ಹಿಡಿದ ಬೀಜಕ್ಕೆ ಇನ್ನೊಬ್ಬ ಬೀಸಿ ಹೊಡೆದು ಒಡೆಯುವುದು. ಸೆಪ್ಟೆಂಬರ್ ಕೊನೆಯಿಂದ ಅಂಗಳದ ತುಂಬ ಇದೇ. ಬೀಜವನ್ನು ವಿನೆಗರ್‌ನಲ್ಲಿ ನೆನೆಸಿ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಗುಟ್ಟುಗಳು ಅಣ್ಣನಿಂದ ತಮ್ಮನಿಗೆ ದಾಟುತ್ತವೆ.

ಯುದ್ಧದ ಶರತ್ಕಾಲಗಳು

ಇದೇ ಬೀಜ 1917ರಲ್ಲಿ ಯುದ್ಧಕ್ಕೆ ಹೋಯಿತು. ಫಿರಂಗಿ ಗುಂಡುಗಳಿಗೆ ಬೇಕಾದ ಕಾರ್ಡೈಟ್ ಎಂಬ ಸಿಡಿಮದ್ದು ತಯಾರಿಸಲು ಅಸಿಟೋನ್ ಎಂಬ ದ್ರಾವಕ ಬೇಕಿತ್ತು. ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷನಾದ ರಸಾಯನಶಾಸ್ತ್ರಜ್ಞ ಖೈಮ್ ವೈಜ್‌ಮನ್ ಪಿಷ್ಟವನ್ನು ಹುದುಗಿಸಿ ಅದನ್ನು ಪಡೆಯುವ ಕ್ರಮ ಕಂಡುಹಿಡಿದಿದ್ದ. ಅದಕ್ಕೆ ಬಳಸುತ್ತಿದ್ದ ಮೆಕ್ಕೆಜೋಳ ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸತೊಡಗಿದಾಗ ಸರ್ಕಾರ ತಿನ್ನಲಾಗದ ಈ ಬೀಜದ ಕಡೆ ತಿರುಗಿ, ಆಯ್ದು ಕೊಡುವಂತೆ ಶಾಲೆಗಳನ್ನು ಕೇಳಿತು. ಏಕೆಂದು ಮಾತ್ರ ಹೇಳಲಿಲ್ಲ. ಮಕ್ಕಳು ಕೇಳಿದ್ದಕ್ಕಿಂತ ಹೆಚ್ಚೇ ಆಯ್ದರು. ಸಾಗಿಸಲು ಬಂಡಿಗಳಿಲ್ಲದೆ ರೈಲು ನಿಲ್ದಾಣಗಳಲ್ಲಿ ಎಷ್ಟೋ ರಾಶಿಗಳು ಕೊಳೆತವು. ಕಿಂಗ್ಸ್ ಲಿನ್ ಕಾರ್ಖಾನೆಗೆ ತಲುಪಿದ ಬೀಜದಿಂದಲೂ ಒಳ್ಳೆಯ ಅಸಿಟೋನ್ ಹೆಚ್ಚು ದೊರೆಯಲಿಲ್ಲ. 1918ರ ಬೇಸಿಗೆಯಲ್ಲಿ ಪ್ರಯತ್ನ ನಿಂತಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಾಲೆಗಳಿಗೆ ಅರ್ಧ ದಿನದ ಬಿಡುವು ಕೊಟ್ಟು, ಸೈನಿಕರ ಜಾಮ್‌ಗಾಗಿ ಬೇಲಿಗಳಿಂದ ಬ್ಲ್ಯಾಕ್‌ಬೆರಿ ಹಣ್ಣು ಕೀಳಿಸಿದರು. ಹಕ್ಕಲಾಯ್ದದ್ದಕ್ಕೆ ಮಕ್ಕಳನ್ನು ಗದರಿದ್ದ ಸರ್ಕಾರವೇ ಈಗ ಅವರನ್ನು ಹೊಲಕ್ಕೆ ಕಳಿಸಿತು.

ಯುದ್ಧ ನಿಂತು ವರ್ಷ ತುಂಬಿದ ದಿನ, 1919ರ ನವೆಂಬರ್ 11ರಂದು, ಬೆಳಿಗ್ಗೆ ಹನ್ನೊಂದಕ್ಕೆ ದೇಶ ಮೊದಲ ಬಾರಿ ಎರಡು ನಿಮಿಷ ಮೌನವಾಗಿ ನಿಂತಿತು. ಶಾಲೆಗಳಲ್ಲಿ ಆ ಮೌನ ಹತ್ತಿರದ್ದು. ಸತ್ತ ಅಣ್ಣಂದಿರು, ತಂದೆಯರು, ಯುವ ಉಪಾಧ್ಯಾಯರು ಅದೇ ಬೆಂಚುಗಳಲ್ಲಿ ಕುಳಿತಿದ್ದವರು. 1921ರಿಂದ ಅವರ ನೆನಪಿಗೆ ಕೆಂಪು ಪಾಪಿ ಹೂ ಬಂತು. ಇಂದಿಗೂ ನವೆಂಬರಿನಲ್ಲಿ ಮಕ್ಕಳು ಕಾಗದದ ಆ ಹೂವನ್ನು ಅಂಗಿಗೆ ಚುಚ್ಚಿಕೊಳ್ಳುತ್ತಾರೆ.

1939ರ ಶರತ್ಕಾಲದ ಅವಧಿಯಂಥದ್ದು ಮತ್ತೊಂದಿಲ್ಲ. ಸೆಪ್ಟೆಂಬರ್ 1ರಂದು, ಯುದ್ಧ ಘೋಷಣೆಗೆ ಎರಡು ದಿನ ಮೊದಲು, ಮಹಾನಗರಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುವ ಕೆಲಸ ಶುರುವಾಯಿತು. ತಾಯಂದಿರು, ಶಿಶುಗಳು ಸೇರಿ ಸುಮಾರು 15 ಲಕ್ಷ ಜನ ಕೆಲವೇ ದಿನಗಳಲ್ಲಿ ಊರು ಬಿಟ್ಟರು. ಶಾಲೆಗೆ ಶಾಲೆಯೇ ಉಪಾಧ್ಯಾಯರೊಡನೆ ರೈಲು ಹತ್ತಿತು. ಕೋಟಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದಿಂದ ಕಾಯುವ ಮುಖವಾಡದ ಪೆಟ್ಟಿಗೆ. ಹಳ್ಳಿಯ ಶಾಲೆಗಳಲ್ಲಿ ಜಾಗ ಸಾಲದೆ ಊರಿನ ಮಕ್ಕಳಿಗೆ ಬೆಳಿಗ್ಗೆ, ಬಂದವರಿಗೆ ಮಧ್ಯಾಹ್ನ ಪಾಠ ನಡೆಯಿತು. ನಿರೀಕ್ಷಿಸಿದ ಬಾಂಬುಗಳು ಆ ವರ್ಷ ಬೀಳಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಬಹಳಷ್ಟು ಮಕ್ಕಳು ತಿರುಗಿ ಬಂದರು. ಬಂದರೆ ಅವರ ಶಾಲೆಯ ಬಾಗಿಲು ಮುಚ್ಚಿತ್ತು. ಯುದ್ಧದ ಮುಂದಿನ ವರ್ಷಗಳಲ್ಲಿ ಆಲೂಗಡ್ಡೆ ಕೀಳಲು ರಜೆ, ಸಿ ಜೀವಸತ್ವದ ಪಾನಕಕ್ಕಾಗಿ ಕಾಡುಗುಲಾಬಿಯ ಕಾಯಿ ಆಯುವ ಕೆಲಸ ಮತ್ತೆ ಶಾಲೆಯ ಪಾಲಿಗೆ ಬಂದವು.

ಬೆಂಕಿ, ಕತ್ತಲು, ದೀಪ

ನವೆಂಬರ್ 5 ಗೈ ಫಾಕ್ಸ್ ರಾತ್ರಿ. 1605ರಲ್ಲಿ ಸಂಸತ್ತನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್ ಮತ್ತು ಸಂಗಡಿಗರ ನೆನಪಿಗೆ ಬೆಂಕಿ ಹಾಕಿ ಅವನ ಬೊಂಬೆ ಸುಡುತ್ತಾರೆ. ಈ ದಿನದ ಕೃತಜ್ಞತಾ ಪ್ರಾರ್ಥನೆಯನ್ನು ಕಡ್ಡಾಯ ಮಾಡಿದ್ದ ಕಾನೂನು 1859ರವರೆಗೆ ಇತ್ತು. ಹಳೆ ಬಟ್ಟೆಗೆ ಹುಲ್ಲು ತುರುಕಿದ ಬೊಂಬೆಯನ್ನು ಬೀದಿಯಲ್ಲಿಟ್ಟು ಮಕ್ಕಳು ಪಟಾಕಿಗೆ ಕಾಸು ಕೇಳುವ ವಾಡಿಕೆ ಇಪ್ಪತ್ತನೆಯ ಶತಮಾನದ ಕೊನೆಗೆ ಕ್ಷೀಣಿಸಿತು. ಯಾರ್ಕ್‌ನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಮಾತ್ರ ಆ ಬೊಂಬೆಯನ್ನು ಸುಡುವುದಿಲ್ಲ. ಗೈ ಫಾಕ್ಸ್ ಅಲ್ಲಿ ಓದಿದವನು. ತಮ್ಮ ಹಳೆಯ ವಿದ್ಯಾರ್ಥಿಗೆ ಬೆಂಕಿ ಇಡುವುದು ಸಲ್ಲದೆಂಬುದು ಶಾಲೆಯ ನಿಲುವು.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 1968ರಿಂದ 1971ರವರೆಗೆ ಪ್ರಯೋಗವಾಗಿ ಹಾಗೆ ಮಾಡದೆ ಬಿಟ್ಟಾಗ ಸಂಜೆ ಬೆಳಕು ಉಳಿಯಿತು, ಬೆಳಿಗ್ಗೆ ಕತ್ತಲು ಕವಿಯಿತು. ಮಕ್ಕಳು ಹೊಳೆಯುವ ತೋಳುಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಶಾಲೆಗೆ ನಡೆದರು. ತಾಯ್ತಂದೆಯರು ಹೆದರಿದರು, ಉತ್ತರದ ರೈತರೂ ವಿರೋಧಿಸಿದರು. 1970ರ ಡಿಸೆಂಬರಿನಲ್ಲಿ ಸಂಸತ್ತು 366ಕ್ಕೆ 81 ಮತಗಳಿಂದ ಪ್ರಯೋಗವನ್ನು ಕೈಬಿಟ್ಟಿತು.

1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಹೊರದೂಡಿದಾಗ ಬಹಳಷ್ಟು ಕುಟುಂಬಗಳು ಲೆಸ್ಟರ್‌ನಲ್ಲಿ ನೆಲೆಸಿದವು. ಅವರ ಮಕ್ಕಳ ಜೊತೆಗೆ ದೀಪಾವಳಿ ಶರತ್ಕಾಲದ ಅವಧಿಯನ್ನು ಪ್ರವೇಶಿಸಿತು. ನಗರದ ಬೆಲ್‌ಗ್ರೇವ್ ರಸ್ತೆಯ ದೀಪಾಲಂಕಾರ ಹೆಸರಾಯಿತು. ಮಣ್ಣಿನ ಹಣತೆ ಮಾಡುವುದು, ರಂಗೋಲಿ ಬಿಡಿಸುವುದು ದೇಶದ ಎಷ್ಟೋ ಪ್ರಾಥಮಿಕ ಶಾಲೆಗಳ ವಾಡಿಕೆಯಾಯಿತು. 1987ರಿಂದ ಅಕ್ಟೋಬರ್ ಕರಿಯರ ಚರಿತ್ರೆಯ ತಿಂಗಳೂ ಹೌದು. ಬ್ರಿಟನ್ನಿನ ಕನ್ನಡ ಕುಟುಂಬಗಳ ಮಕ್ಕಳಿಗೆ ನಡುರಜೆಯ ಆಸುಪಾಸಿನಲ್ಲೇ ರಾಜ್ಯೋತ್ಸವವೂ ಬರುತ್ತದೆ. ಅವರ ಊರಿನ ಬಂಧುಗಳು ಜೂನ್‌ನಲ್ಲೇ ಶಾಲೆ ಶುರುಮಾಡಿ, ದಸರಾ ರಜೆ ಮುಗಿಸಿ ಎರಡನೆಯ ಅವಧಿಗೆ ಕಾಲಿಟ್ಟಿರುತ್ತಾರೆ.

ಕೊನೆಯ ವಾರಗಳು ಕ್ರಿಸ್‌ಮಸ್‌ನವು. ಪುಟಾಣಿಗಳು ಯೇಸುವಿನ ಜನನದ ನಾಟಕ ಆಡುತ್ತಾರೆ. ಕುರುಬ, ದೇವದೂತ, ಕತ್ತೆಯ ಪಾತ್ರಗಳು ತರಗತಿಯಲ್ಲಿ ಹಂಚಿಹೋಗುತ್ತವೆ. ದೊಡ್ಡವರು ಒಂಬತ್ತು ವಾಚನಗಳ ನಡುವೆ ಗೀತೆ ಹಾಡುವ ಪೂಜೆ ನಡೆಸುತ್ತಾರೆ. 1880ರಲ್ಲಿ ಟ್ರೂರೊದಲ್ಲಿ ಬಿಷಪ್ ಬೆನ್ಸನ್ ರೂಪಿಸಿದ ಈ ಕ್ರಮವನ್ನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು 1918ರಲ್ಲಿ, ಯುದ್ಧ ಮುಗಿದ ತಿಂಗಳ ಮರುತಿಂಗಳು, ಕೈಗೆತ್ತಿಕೊಂಡಿತು. 1928ರಲ್ಲಿ ರೇಡಿಯೊ ಅದನ್ನು ಮನೆಮನೆಗೆ ಮುಟ್ಟಿಸಿತು. ಶಾಲೆಗಳು ಅದನ್ನು ನೋಡಿ ತಮ್ಮದನ್ನು ರೂಪಿಸಿಕೊಂಡವು.

ಈ ಅವಧಿಯನ್ನು ಕುರಿತ ಅತ್ಯುತ್ತಮ ಆಕರ ಇಂದಿಗೂ ಹಳ್ಳಿಯ ಮುಖ್ಯೋಪಾಧ್ಯಾಯರ ದಿನಚರಿ ಪುಸ್ತಕಗಳೇ. ಇಂಗ್ಲೆಂಡಿನ ಪ್ರಾಂತೀಯ ದಾಖಲೆ ಭಂಡಾರಗಳಲ್ಲಿ ಅವನ್ನು ಸಾರ್ವಜನಿಕರು ತೆರೆದು ಓದಬಹುದು.